ಹದಿಹರೆಯದವರ ಚಟಗಳ ಸಮೀಕ್ಷೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಸಿಗರೇಟು, ಮದ್ಯದಂಥ ಸಾಮಾನ್ಯ ಚಟಗಳ ಅಂಕಿಗಳನ್ನು ಸಾಕಷ್ಟು ನಂಬಬಹುದು. ಹೆರಾಯಿನ್‌ನಂಥ ಅಪರೂಪದ ಸಂಗತಿಗಳ ಅಂಕಿಗಳನ್ನು ಅನುಮಾನದಿಂದಲೇ ನೋಡಬೇಕು.

ಕಾರಣ ಸರಳ ಲೆಕ್ಕ. 1000 ಮಕ್ಕಳಲ್ಲಿ 10 ಮಂದಿ ತಮಾಷೆಗೆಂದು ಎಲ್ಲದಕ್ಕೂ ‘ಹೌದು’ ಎಂದು ಗುರುತು ಹಾಕಿದರು ಎನ್ನಿ. ಮದ್ಯ ಕುಡಿದವರು ನಿಜಕ್ಕೂ 300 ಇದ್ದರೆ ಲೆಕ್ಕ ಹೆಚ್ಚೆಂದರೆ 310 ಆಗುತ್ತದೆ, ಏನೂ ಕೆಡುವುದಿಲ್ಲ. ಹೆರಾಯಿನ್ ಬಳಸಿದವರು 5 ಇದ್ದರೆ ಅದು 15 ಆಗಿಬಿಡುತ್ತದೆ, ಅಂದರೆ ಮೂರು ಪಟ್ಟು!

ಇಂಥ ಕಿಡಿಗೇಡಿಗಳನ್ನು ಹಿಡಿಯಲು ಯುರೋಪಿನ ‘ಎಸ್ಪಾಡ್’ ಶಾಲಾ ಸಮೀಕ್ಷೆಯ ಪ್ರಶ್ನಾವಳಿಯಲ್ಲಿ ‘ರೆಲೆವಿನ್’ ಎಂಬ ಮಾದಕ ವಸ್ತುವಿನ ಹೆಸರು ಸೇರಿಸಿದ್ದರು. ಅಂಥ ವಸ್ತು ಇಲ್ಲವೇ ಇಲ್ಲ. ಅದನ್ನೂ ಸೇವಿಸಿದ್ದೇನೆ ಎಂದವರ ಮಿಕ್ಕ ಉತ್ತರಗಳ ಮೇಲೂ ಗುಮಾನಿ ಬರುತ್ತದೆ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ನಡೆಸುವ ಶಾಲಾ ಸಮೀಕ್ಷೆಯಲ್ಲಿ ಒಂದಕ್ಕೊಂದು ತಾಳೆಯಾಗದ ಉತ್ತರಗಳನ್ನು ಕೈಬಿಡುತ್ತಾರೆ.

ಮುಚ್ಚಿಡುವವರ ಕಥೆ ಬೇರೆ. ಅಲ್ಲಿ ಕೇಳುವ ವಿಧಾನವೇ ಉತ್ತರವನ್ನು ಬದಲಿಸುತ್ತದೆ. 1995ರಲ್ಲಿ ಅಮೆರಿಕದ 15–19 ವಯಸ್ಸಿನ ಹುಡುಗರಿಗೆ ಒಂದೇ ಪ್ರಶ್ನೆಗಳನ್ನು ಎರಡು ರೀತಿ ಕೇಳಿದ್ದರು: ಕೆಲವರಿಗೆ ಕಾಗದದ ಮೇಲೆ, ಉಳಿದವರಿಗೆ ಹೆಡ್‌ಫೋನ್‌ನಲ್ಲಿ ಕೇಳಿಸಿ ಕಂಪ್ಯೂಟರಿನಲ್ಲಿ. ಸಲಿಂಗ ಸಂಪರ್ಕವನ್ನು ಒಪ್ಪಿಕೊಂಡವರು ಕಾಗದದಲ್ಲಿ ಶೇ. 1.5, ಕಂಪ್ಯೂಟರಿನಲ್ಲಿ ಶೇ. 5.5. ಹಾಗಾಗಿ ಬೇರೆ ಬೇರೆ ವಿಧಾನದ ಎರಡು ಸಮೀಕ್ಷೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಒಂದೇ ಸಮೀಕ್ಷೆಯ ವರ್ಷವರ್ಷದ ಏರಿಳಿತ ನೋಡಿ. ಶಾಲೆ ಬಿಟ್ಟ ಮಕ್ಕಳು ಮಾತ್ರ ಇಂಥ ತರಗತಿ ಸಮೀಕ್ಷೆಗಳಿಗೆ ಸಿಗುವುದೇ ಇಲ್ಲ.