ಬರೆಯೋಕೆ ಬೇಕು, ಓದೋಕೆ ಬೇಡ

ಪ್ರಶ್ನೆ: ಸಾಲಕ್ಕೆ ಇಂಗ್ಲಿಷಿನಲ್ಲಿ 'ಡೆಟ್' ಅಂತೀವಿ. ಬರೆಯುವಾಗ ಮಾತ್ರ ಟಿ ಮುಂಚೆ ಒಂದು ಬಿ ಬರುತ್ತದೆ. 'ಈ ಬಿ ಯಾಕಮ್ಮಾ?' ಎಂದು ಮಗಳು ಕೇಳಿದಳು. 'ಅದು ಹಾಗೇ' ಅಂದೆ. ಅವಳಿಗೂ ಸಮಾಧಾನವಿಲ್ಲ, ನನಗೂ ಇಲ್ಲ.

ಉತ್ತರ: ಅದು ಹಾಗೇ ಇರಲಿಲ್ಲ, ಹಾಗೆ ಮಾಡಿದರು. ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಈ ಪದದಲ್ಲಿ ಬಿ ಇರಲೇ ಇಲ್ಲ. ಡಿ-ಇ-ಟಿ-ಟಿ-ಇ ಎಂದು, ಬಾಯಲ್ಲಿ ಬಂದ ಹಾಗೇ ಬರೆಯುತ್ತಿದ್ದರು. ಆಮೇಲೆ ಲ್ಯಾಟಿನ್ ಓದಿಕೊಂಡವರು ಬಂದರು ನೋಡಿ! ಇದರ ಮೂಲ ಲ್ಯಾಟಿನ್ನಿನ 'ಡೆಬಿಟಮ್', ಅದರಲ್ಲಿ ಬಿ ಇದೆ, ಹಾಗಾದರೆ ಇಲ್ಲೂ ಇರಲಿ ಎಂದು ತಂದು ಕೂರಿಸಿದರು. ಕೈ ಒಪ್ಪಿತು, ನಾಲಿಗೆ ಒಪ್ಪಲಿಲ್ಲ. ಬ್ಯಾಂಕಿನ 'ಡೆಬಿಟ್' ಕೂಡ ಅದೇ ಲ್ಯಾಟಿನ್ ಪದದಿಂದ ಬಂದದ್ದು, ಅಲ್ಲಿ ಮಾತ್ರ ಬಿ ಬಾಯಿ ಬಿಡುತ್ತದೆ.

'ರಿಸೀಟ್'ನ ಪಿ ಕತೆಯೂ ಇದೇ. ಆದರೆ ಅದರ ಜೊತೆಯವನಾದ 'ಡಿಸೀಟ್'ಗೆ ಆ ಪಿ ಉಳಿಯಲಿಲ್ಲ, ಅದಕ್ಕೂ ಲ್ಯಾಟಿನ್ನಿನಲ್ಲಿ ಪಿ ಇತ್ತು! ಇಲ್ಲಿ ನಿಯಮ ಹುಡುಕುತ್ತಾ ಕೂರಬೇಡಿ.

ಇದಕ್ಕಿಂತ ತಮಾಷೆ 'ಐಲೆಂಡ್'. ಡೆಟ್ಟಿನ ಬಿಗಾದರೂ ಒಂದು ನೆಂಟಸ್ತನ ಇತ್ತು. ಐಲೆಂಡ್ ಹಳೆಯ ಇಂಗ್ಲಿಷಿನ ಸ್ವಂತ ಪದ, ಅದರಲ್ಲಿ ಎಸ್ ಇರಲಿಲ್ಲ. ಫ್ರೆಂಚಿನಿಂದ ಬಂದ 'ಐಲ್' ಅಂತ ಇನ್ನೊಂದು ಪದ ಇದೆ, ಅರ್ಥವೂ ದ್ವೀಪವೇ, ಇಬ್ಬರೂ ಒಂದೇ ಮನೆಯವರು ಎಂದುಕೊಂಡು ಅದರ ಎಸ್ಸನ್ನು ಇದಕ್ಕೂ ಅಂಟಿಸಿಬಿಟ್ಟರು. ಸುಮ್ನೆ ಆದ ತಪ್ಪು. ಇವತ್ತು ಆ ಎಸ್ ಬಿಟ್ಟರೆ ಮಕ್ಕಳಿಗೆ ಮಾರ್ಕ್ಸ್ ಹೋಗುತ್ತದೆ!

ಪ್ರಶ್ನೆ: 'ಕರ್ನಲ್' ಸ್ಪೆಲ್ಲಿಂಗಿನಲ್ಲಿ ಆರ್ ಎಲ್ಲಿದೆ?

ಉತ್ತರ: ಇಲ್ಲ. ನಾನೂ ಹೈಸ್ಕೂಲು ಮುಗಿಯುವವರೆಗೆ 'ಕಲೊನೆಲ್' ಅಂತಲೇ ಓದಿಕೊಂಡಿದ್ದೆ, ಅದು ಬೇರೆ ಯಾವುದೋ ಹುದ್ದೆ ಅಂತ. ಇಟಲಿಯವರ 'ಕೊಲೊನೆಲ್ಲೊ' ಫ್ರೆಂಚರ ಬಾಯಲ್ಲಿ 'ಕೊರೊನೆಲ್' ಆಯಿತು. ಲ ಮೇಲೆ ಲ ಬಂದರೆ ನಾಲಿಗೆ ಒಂದನ್ನು ರ ಮಾಡಿಬಿಡುತ್ತದೆ. 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಎರಡೂ ರೂಪ ಬಂದವು, ಸ್ವಲ್ಪ ಕಾಲ ಎರಡೂ ಓಡಾಡಿದವು. ಕೊನೆಗೆ ಬರೆಯೋಕೆ ಇಟಲಿಯದು, ಮಾತಾಡೋಕೆ ಫ್ರೆಂಚಿನದು ಉಳಿಯಿತು. ನಾವು ಕನ್ನಡದಲ್ಲಿ ಕಿವಿಗೆ ಬಿದ್ದದ್ದನ್ನೇ ಬರೆದೆವು, ನಮಗೆ ಆ ತಲೆನೋವಿಲ್ಲ.

ಪ್ರಶ್ನೆ: ಇಂಗ್ಲಿಷಿಗೆ ನಮ್ಮ ಕಡೆಯ ಪದಗಳು ಹೋಗಿವೆಯಾ? 'ಲೂಟ್', 'ಖಾಕಿ' ಬಿಟ್ಟು ಹೇಳಿ, ಅವು ಎಲ್ಲರಿಗೂ ಗೊತ್ತು.

ಉತ್ತರ: 'ಟೀಕ್' ಇದೆ, ನಮ್ಮ ತೇಗ. ಮಲಯಾಳದ 'ತೇಕ್ಕ್', ಪೋರ್ಚುಗೀಸರ ಮೂಲಕ ಹೋಯಿತು. ಆದರೆ ನನಗೆ ಜಾಸ್ತಿ ಇಷ್ಟ 'ಕ್ಯಾಟಮರಾನ್'. ತಮಿಳಿನ 'ಕಟ್ಟುಮರಂ' ಅದು. ಕಟ್ಟು, ಮರ. ನಮಗೆ ಅರ್ಥ ಹೇಳಿಕೊಡಬೇಕಾ? ಮರದ ದಿಮ್ಮಿಗಳನ್ನು ಹಗ್ಗದಿಂದ ಒಟ್ಟಿಗೆ ಕಟ್ಟಿದ ತೆಪ್ಪ. 17ನೇ ಶತಮಾನದಲ್ಲೇ ಇಂಗ್ಲಿಷಿಗೆ ಹೋದ ಈ ಪದಕ್ಕೆ ಈಗ ಅಕ್ಕಪಕ್ಕ ಎರಡು ಒಡಲಿರುವ ದೋಣಿ ಎಂಬ ಅರ್ಥ, ಅದನ್ನು ಫೈಬರಿನಲ್ಲಿ ಮಾಡಿದರೂ ಹೆಸರು ಅದೇ. ದೋಣಿ ನಡೆಸುವವರು ಅದನ್ನೂ ಮೊಟಕು ಮಾಡಿ ಬರೀ 'ಕ್ಯಾಟ್' ಅಂತಾರೆ. ಮರ ಹೋಯ್ತು, ಕಟ್ಟು ಬೆಕ್ಕಾಯ್ತು!