ಮೆದುಳಿನೊಳಗಿನ ಸಾಧನ ಕಂಪನಿಯದ್ದು, ಸಂಶೋಧನೆ ನಿಮ್ಮದು: ಏನೇನು ಮೊದಲೇ ಕೇಳಬೇಕು?

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಬಯೋಮೆಡಿಕಲ್ ಎಂಜಿನಿಯರಿಂಗ್ ಮುಗಿಸಿ ಪಿಎಚ್‌ಡಿಗೆ ಅಮೆರಿಕಕ್ಕೆ ಹೊರಟಿದ್ದೇನೆ. ಮೆದುಳಿಗೆ ವಿದ್ಯುತ್ ಕೊಡುವ, ಅದರ ಸಿಗ್ನಲ್ ದಾಖಲಿಸುವ ಇಂಪ್ಲಾಂಟ್‌ಗಳ ಮೇಲೆ ಕೆಲಸ ಮಾಡುವ ಆಸೆ. ಆದರೆ ಅಲ್ಲಿ ಎಷ್ಟೋ ಲ್ಯಾಬ್‌ಗಳು ಕಂಪನಿಯ ಸಾಧನವನ್ನೇ ನೆಚ್ಚಿಕೊಂಡಿವೆ. ನಾವೇ ಯಾಕೆ ತಯಾರಿಸಿಕೊಳ್ಳಬಾರದು? ಇದು ಕಂಪನಿ ಕೈಗೆ ಜುಟ್ಟು ಕೊಟ್ಟ ಹಾಗಲ್ವಾ?

ಉತ್ತರ: ಪ್ರಾಣಿಗಳ ಮೇಲಿನ ಪ್ರಯೋಗಕ್ಕಾದರೆ ಎಲೆಕ್ಟ್ರೋಡ್ ಅನ್ನು ಲ್ಯಾಬ್‌ನಲ್ಲೇ ಮಾಡಿಕೊಳ್ಳಬಹುದು, ಎಷ್ಟೋ ಜನ ಮಾಡ್ತಾರೆ ಕೂಡ. ಮನುಷ್ಯರ ವಿಷಯ ಬಂದಾಗ ಕಥೆ ಬೇರೆ. ಪಾರ್ಕಿನ್ಸನ್ಸ್ (ಕೈಕಾಲು ನಡುಗುವ, ಬಿಗಿಯುವ ಕಾಯಿಲೆ) ರೋಗಿಗಳಿಗೆ ಹಾಕುವ ಡಿಬಿಎಸ್, ಅಂದರೆ ಮೆದುಳಿನ ಆಳಕ್ಕೆ ವಿದ್ಯುತ್ ಕೊಡುವ ಸಾಧನವನ್ನೇ ನೋಡಿ. ಮೆದುಳಿನ ಆಳಕ್ಕೆ ಇಳಿಸುವ ತಂತಿ ಒಂದೂಕಾಲು ಮಿಲಿಮೀಟರ್ ದಪ್ಪ, ಅಷ್ಟೇ. ಅದರ ತುದಿಯಿಂದ ಸೆಕೆಂಡಿಗೆ ಸುಮಾರು 130 ಸಲ ಕೆಲವು ವೋಲ್ಟ್‌ಗಳ ಮಿಡಿತ ಹೋಗುತ್ತದೆ. ಅದೇ ತುದಿಯಲ್ಲಿ ನೀವು ದಾಖಲಿಸಬೇಕಾದ ಮೆದುಳಿನ ಸಿಗ್ನಲ್ ಬರೀ ಕೆಲವು ಮೈಕ್ರೋವೋಲ್ಟ್, ಅಂದರೆ ಹತ್ತು ಲಕ್ಷ ಪಟ್ಟು ಸಣ್ಣದು. ಡೊಳ್ಳು ಬಾರಿಸುವವರ ಪಕ್ಕ ನಿಂತು ಪಿಸುಮಾತು ಕೇಳಿಸಿಕೊಂಡ ಹಾಗೆ. ಇದನ್ನು ಮಾಡುವ ಎಲೆಕ್ಟ್ರಾನಿಕ್ ಚಿಪ್, ವರ್ಷಗಟ್ಟಲೆ ದೇಹದೊಳಗೆ ಹನಿ ನೀರೂ ನುಗ್ಗದ ಕವಚ, ಕಾಲರ್ ಮೂಳೆಯ ಕೆಳಗೆ ಚರ್ಮದಡಿ ಕೂರುವ ಬ್ಯಾಟರಿ, ಇವಿಷ್ಟನ್ನೂ ಮಾಡಿ, ಪರೀಕ್ಷಿಸಿ, ದಾಖಲೆ ಸಮೇತ ಸರ್ಕಾರದ ಮುಂದಿಡುವುದು ಒಂದು ಲ್ಯಾಬ್‌ನ ಕೈಲಾಗುವ ಕೆಲಸವಲ್ಲ.

ಇನ್ನು ಕಾಗದಪತ್ರದ ವಿಷಯ. ಇದೂ ಸಣ್ಣದಲ್ಲ. ಅಮೆರಿಕದಲ್ಲಿ ಇಂಥ ಸಾಧನವನ್ನು ಹೊಸ ಕಾಯಿಲೆಗೆ ಪ್ರಯೋಗಿಸಬೇಕಾದರೆ ಎಫ್‌ಡಿಎ, ಅಂದರೆ ಔಷಧ ಮತ್ತು ವೈದ್ಯಕೀಯ ಸಾಧನಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆಯ ಅನುಮತಿ ಬೇಕು, ಅದಕ್ಕೆ ಸಾಧನದ ಸುರಕ್ಷತೆಯ ಪೂರ್ತಿ ಮಾಹಿತಿ ಬೇಕು. ಆ ಮಾಹಿತಿ ಇರೋದು ಕಂಪನಿಯ ಹತ್ತಿರ, ಅದರಲ್ಲಿ ವ್ಯಾಪಾರದ ಗುಟ್ಟೂ ಸೇರಿರುತ್ತದೆ. ಹಾಗಾಗಿ ಕಂಪನಿ ಎಫ್‌ಡಿಎಗೆ ಒಂದು ಪತ್ರ ಬರೆದುಕೊಡುತ್ತದೆ: ಈ ಸಂಶೋಧಕರ ಅರ್ಜಿಗಾಗಿ ನಮ್ಮ ಕಡತವನ್ನು ನೀವು ನೋಡಬಹುದು ಅಂತ. ಕಡತವನ್ನು ಎಫ್‌ಡಿಎ ನೋಡುತ್ತದೆ, ನಿಮಗೆ ತೋರಿಸಬೇಕಾಗಿಲ್ಲ. ಅಂಥದೊಂದು ಪತ್ರಕ್ಕೆ, ಜೊತೆಗೆ ಪೇಟೆಂಟ್ ಯಾರದ್ದು, ಡೇಟಾ ಯಾರದ್ದು, ಲೇಖನ ಪ್ರಕಟಿಸುವ ಮುಂಚೆ ಕಂಪನಿ ಓದಬೇಕಾ ಅನ್ನೋದಕ್ಕೆ, ವಿಶ್ವವಿದ್ಯಾಲಯದ ವಕೀಲರೂ ಕಂಪನಿಯ ವಕೀಲರೂ ತಿಂಗಳುಗಟ್ಟಲೆ ಜಗ್ಗಾಡುತ್ತಿದ್ದರು. ಈ ಕಾಟ ತಪ್ಪಿಸೋಕೆ ಅಂತಲೇ ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಚ್, 2013ರಲ್ಲಿ ಘೋಷಣೆಯಾದ ಬ್ರೈನ್ ಇನಿಶಿಯೇಟಿವ್ ಎಂಬ ಮೆದುಳಿನ ಸಂಶೋಧನಾ ಯೋಜನೆಯ ಅಡಿಯಲ್ಲಿ ಮೆಡ್‌ಟ್ರಾನಿಕ್, ಬೋಸ್ಟನ್ ಸೈಂಟಿಫಿಕ್, ನ್ಯೂರೋಪೇಸ್‌ನಂಥ ಕಂಪನಿಗಳನ್ನು ಕೂರಿಸಿಕೊಂಡು ಒಪ್ಪಂದದ ಮಾದರಿ ಕರಡುಗಳನ್ನು ಸಿದ್ಧಮಾಡಿತು. ನನ್ನ ಪ್ರಕಾರ ಅದು ತುಂಬಾ ಉಪಕಾರದ ಕೆಲಸ.

ಕಂಪನಿ, ಲ್ಯಾಬ್ ಕೈಜೋಡಿಸಿದ್ದಕ್ಕೆ ಫಲವೂ ಸಿಕ್ಕಿದೆ. ಮೆದುಳಿನ ಸಿಗ್ನಲ್ ದಾಖಲಿಸುವ ಮೆಡ್‌ಟ್ರಾನಿಕ್‌ನ ಸಾಧನ 2013ರ ಹೊತ್ತಿಗೆ ಸಂಶೋಧಕರ ಕೈಗಷ್ಟೇ ಬಂದಿತ್ತು. ಅದರ ಮುಂದಿನ ತಲೆಮಾರಿನ ಸಾಧನ ಇಟ್ಟುಕೊಂಡು ಸ್ಯಾನ್ ಫ್ರಾನ್ಸಿಸ್ಕೋದ ಯುಸಿಎಸ್ಎಫ್ ವಿಶ್ವವಿದ್ಯಾಲಯದ ತಂಡ ನಾಲ್ಕು ಪಾರ್ಕಿನ್ಸನ್ಸ್ ರೋಗಿಗಳಲ್ಲಿ, ಅವರವರ ಮನೆಯಲ್ಲೇ, ಸಿಗ್ನಲ್ ನೋಡಿಕೊಂಡು ತಾನೇ ವಿದ್ಯುತ್ ಏರಿಸಿ ಇಳಿಸುವ ಪದ್ಧತಿಯನ್ನು ಪರೀಕ್ಷಿಸಿತು. ಅವರನ್ನು ಅತಿ ಹೆಚ್ಚು ಕಾಡುತ್ತಿದ್ದ ಲಕ್ಷಣದ ಅವಧಿ ಸುಮಾರು ಅರ್ಧಕ್ಕೆ ಇಳಿಯಿತು. ಇದು ಪ್ರಕಟವಾದದ್ದು 2024ರಲ್ಲಿ. ಮರುವರ್ಷವೇ ಮೆಡ್‌ಟ್ರಾನಿಕ್‌ನ ಇಂಥ ಪದ್ಧತಿಗೆ ಎಫ್‌ಡಿಎ ಒಪ್ಪಿಗೆ ಬಂತು. ಕಂಪನಿ ಇಲ್ಲದೆ, ಅಥವಾ ಲ್ಯಾಬ್ ಇಲ್ಲದೆ, ಇದು ಆಗುತ್ತಿರಲಿಲ್ಲ.

ಜುಟ್ಟಿನ ಪ್ರಶ್ನೆ ಕೇಳಿದ್ದೀರಿ. ಪೇಟೆಂಟು, ಲೇಖನ ಇವೆಲ್ಲ ಹೇಗೋ ಇತ್ಯರ್ಥ ಆಗುತ್ತವೆ, ವಿಶ್ವವಿದ್ಯಾಲಯಗಳು ಅದರಲ್ಲಿ ಪಳಗಿವೆ. ನನಗೆ ನಿಜಕ್ಕೂ ಚಿಂತೆ ಇರೋದು ಒಪ್ಪಂದಕ್ಕೆ ಸಹಿಯನ್ನೇ ಹಾಕದ ಮೂರನೆಯವರ ಬಗ್ಗೆ. ಅಂದರೆ ರೋಗಿ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ನ್ಯೂರೋವಿಸ್ಟಾ ಎಂಬ ಕಂಪನಿಯ ಸಾಧನವನ್ನು ಮೂರ್ಛೆರೋಗ ಇದ್ದ 15 ಜನರಿಗೆ ಹಾಕಿದ್ದರು. ಫಿಟ್ಸ್ ಬರುವ ಸೂಚನೆ ಸಿಕ್ಕರೆ ಕೈಯಲ್ಲಿರುವ ಪುಟ್ಟ ಯಂತ್ರದಲ್ಲಿ ಕೆಂಪು ದೀಪ ಹತ್ತುತ್ತಿತ್ತು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು, ಆದರೆ ಕಂಪನಿಯ ಹಣ ಮುಗಿಯಿತು. ಒಬ್ಬ ಮಹಿಳೆ ತೆಗೆಯಬೇಡಿ ಅಂತ ಬೇಡಿಕೊಂಡರೂ, ಗಂಡ ಹೆಂಡತಿ ತಾವೇ ದುಡ್ಡು ಹೊಂದಿಸಿ ಸಾಧನವನ್ನು ಕೊಳ್ಳೋಕೆ ನೋಡಿದರೂ, ಕೊನೆಗೆ ಅದನ್ನು ಹೊರತೆಗೆದರು. ದೃಷ್ಟಿ ಕಳೆದುಕೊಂಡವರ ಕಣ್ಣಿಗೆ ಹಾಕುವ ಆರ್ಗಸ್ ಇಂಪ್ಲಾಂಟ್ ಪಡೆದ 350ಕ್ಕೂ ಹೆಚ್ಚು ಜನರನ್ನೂ ಕಂಪನಿ ನಡುನೀರಿನಲ್ಲಿ ಕೈಬಿಟ್ಟಿತು. ಸಾಧನ ಕಣ್ಣಲ್ಲೇ ಉಳಿಯಿತು, ರಿಪೇರಿ ಮಾಡುವವರು ಇಲ್ಲವಾದರು.

ಆದ್ದರಿಂದ ಲ್ಯಾಬ್ ಆರಿಸುವಾಗ ಗೈಡ್ ಹತ್ತಿರ ನೇರವಾಗಿ ಕೇಳಿ. ಅಧ್ಯಯನ ಮುಗಿದ ಮೇಲೆ ಬ್ಯಾಟರಿ ಬದಲಿಸುವ ಖರ್ಚು ಯಾರದ್ದು? ತೆಗೆಸಬೇಕು ಅಂದರೆ ಆಪರೇಷನ್‌ಗೆ ಯಾರು ಕೊಡ್ತಾರೆ? ಕಂಪನಿ ಮುಚ್ಚಿದರೆ ಸಾಧನವನ್ನು ಪ್ರೋಗ್ರಾಂ ಮಾಡುವ ಸಾಫ್ಟ್‌ವೇರ್ ಆಸ್ಪತ್ರೆಗೆ ಸಿಗುತ್ತಾ? ಹೊಸಬ ಇಷ್ಟೆಲ್ಲಾ ಕೇಳಿದರೆ ಏನಂದುಕೊಳ್ತಾರೋ ಅಂತ ಹಿಂಜರಿಯಬೇಡಿ. ಉತ್ತರ ಬರವಣಿಗೆಯಲ್ಲಿ, ರೋಗಿ ಸಹಿ ಹಾಕುವ ಒಪ್ಪಿಗೆ ಪತ್ರದಲ್ಲೇ ಇದ್ದರೆ ಧೈರ್ಯವಾಗಿ ಸೇರಿಕೊಳ್ಳಿ. ಬಾಯಿಮಾತಿನ ಭರವಸೆ ಅಷ್ಟೇ ಆದರೆ ಇನ್ನೊಂದು ಲ್ಯಾಬ್ ನೋಡಿ.