ಅಗತೆ ಬಿಟ್ಟರೆ ಅಡಿಕೆ ತೋಟ ಹಾಳಾಗುತ್ತದೆಯೇ?

ಪ್ರಶ್ನೆ: ತೋಟದ ಉಸ್ತುವಾರಿ ನನ್ನ ಕೈಗೆ ಬಂದ ಮೇಲೆ ಅಗತೆ, ಅಂದರೆ ಮರದ ಬುಡದ ಮಣ್ಣು ಅಗೆಸುವುದನ್ನು, ಬಿಟ್ಟೆ. ಕಳೆ ಕೀಳಿಸುವುದಿಲ್ಲ, ಸೋಗೆ (ಉದುರಿದ ಅಡಿಕೆ ಗರಿ) ಬಿದ್ದಲ್ಲೇ ಇರುತ್ತದೆ. ಮಾವನವರು ‘ಸೋಮಾರಿಗಳ ತೋಟ’ ಎನ್ನುತ್ತಾರೆ. ಆದರೆ ಈ ಬೇಸಿಗೆಯಲ್ಲಿ ಪಕ್ಕದ ತೋಟಕ್ಕಿಂತ ನಮ್ಮದೇ ಹಸಿರಾಗಿತ್ತು. ನಾನು ಮಾಡುತ್ತಿರುವುದು ಸರಿಯೇ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಬಹುಮಟ್ಟಿಗೆ ಸರಿ. ಅಡಿಕೆ ಮರದ ಹೆಚ್ಚಿನ ಬೇರು ಬುಡದಿಂದ ಒಂದು ಮೀಟರ್ ಒಳಗೇ ಇರುತ್ತದೆ. ಗುದ್ದಲಿ ಬೀಳುವುದೂ ಅಲ್ಲೇ ಅಲ್ವಾ? ಪ್ರತಿ ಅಗತೆಗೂ ಎಳೆಬೇರು ತುಂಡಾಗುತ್ತದೆ. ನಮ್ಮ ಮಲೆನಾಡಿನ ಮಳೆ ಬರಿ ಮಣ್ಣಿನ ಮೇಲೆ ಬಿದ್ದರೆ ಕಾಲುವೆಯಲ್ಲಿ ಕೆಂಪು ನೀರು ಹರಿಯುತ್ತದೆ. ದುಡ್ಡು ಕೊಟ್ಟು ಹಾಕಿಸಿದ ಗೊಬ್ಬರವೂ ಅದರ ಜೊತೆ ಹೋಗುತ್ತದೆ. ಇನ್ನು, ಬಿದ್ದ ಸೋಗೆಯನ್ನು ಹೊತ್ತು ಹೊರಗೆ ಹಾಕಿ, ಆಮೇಲೆ ಗೊಬ್ಬರ ಹೊತ್ತು ಒಳಗೆ ತರುವ ಕೆಲಸ ಯಾಕೆ ಬೇಕು ಹೇಳಿ.

ನಾನು ಅಗತೆ ನಿಲ್ಲಿಸಿದ್ದು ಕೂಲಿ ಉಳಿಯಲಿ ಎಂದು. ಸೋಗೆಯ ಅಡಿಯಲ್ಲಿ ಎರೆಹುಳು ಹೆಚ್ಚಿದ್ದು, ಬೇಸಿಗೆಯಲ್ಲಿ ನೀರು ಕಡಿಮೆ ಸಾಕಾಗಿದ್ದು ಆಮೇಲೆ ಕಣ್ಣಿಗೆ ಬಿತ್ತು. ತುಂಬೆ ಹೂವಿಗೆ ಜೇನು ಬಂತು. ಕಾಲುವೆಯ ಅಂಚಿನಲ್ಲಿ ಒಂದೆಲಗ ಹಬ್ಬಿತು. ತಂಬುಳಿಗೆ ಈಗ ಎಲ್ಲೂ ಹುಡುಕಬೇಕಿಲ್ಲ.

ಜಪಾನಿನ ಶಿಕೋಕು ದ್ವೀಪದ ಮಸನೊಬು ಫುಕುವೊಕಾ (1913–2008) ಉಳುಮೆ ಮಾಡದೆ, ರಾಸಾಯನಿಕ ಹಾಕದೆ ಭತ್ತ ಬೆಳೆದವರು. ಅದು ‘ಏನೂ ಮಾಡದ ಕೃಷಿ’ ಎಂದೇ ಹೆಸರಾಯಿತು. 1988ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಆದರೆ ಅವರು ಶುರುವಿನಲ್ಲಿ ಅಪ್ಪನ ಕಿತ್ತಳೆ ಜಾತಿಯ ಮರಗಳನ್ನು ಸವರದೆ ಸುಮ್ನೆ ಬಿಟ್ಟಾಗ ಕೊಂಬೆಗಳು ಹೆಣೆದುಕೊಂಡು, ಹುಳು ಬಿದ್ದು, ಮರಗಳು ಒಣಗಿದವು. ಅಷ್ಟು ವರ್ಷ ಸವರಿ ಬೆಳೆಸಿದ ಮರವನ್ನು ಒಮ್ಮೆಗೇ ಕೈಬಿಟ್ಟರೆ ಅದು ತಡೆಯುವುದಿಲ್ಲ. ಅಡಿಕೆಗೂ ಈ ಮಾತು ಅನ್ವಯಿಸುತ್ತದೆ.

ಹಾಗಾಗಿ ಅಗತೆಯಲ್ಲಿ ಉಳಿದ ಆಳು, ದುಡ್ಡು ಎರಡನ್ನೂ ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆ ರೋಗದ ಕಡೆ ತಿರುಗಿಸಿ. ಮಳೆ ಹಿಡಿಯುವ ಮೊದಲೇ ಶೇ 1ರ ಬೋರ್ಡೋ ದ್ರಾವಣ ಹೊಡೆಸಿ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. 40–45 ದಿನಕ್ಕೆ ಇನ್ನೊಂದು ಸಲ. ಕೊಳೆತು ಉದುರಿದ ಕಾಯಿಯನ್ನು ಮಾತ್ರ ಸೋಗೆಯಂತೆ ಬಿದ್ದಲ್ಲೇ ಬಿಡಬೇಡಿ, ಹೆಕ್ಕಿಸಿ ತೋಟದಿಂದ ಹೊರಗೆ ಹಾಕಿಸಿ.

ಕಳೆ ಜಾಸ್ತಿಯಾದರೆ ಯಂತ್ರದಲ್ಲಿ ಸವರಿಸಿ, ಬೇರು ಮಣ್ಣಲ್ಲೇ ಇರಲಿ. ಕೊಯ್ಲಿನ ಮುಂಚೆ ಒಂದು ಸಲ ಸವರಿಸಲೇಬೇಕು, ಇಲ್ಲದಿದ್ದರೆ ಉದುರಿದ ಅಡಿಕೆ ಕಾಣುವುದಿಲ್ಲ. ಸುಲಭ ಎಂದು ಕಳೆನಾಶಕಕ್ಕೆ ಕೈಹಾಕಬೇಡಿ. ಮಣ್ಣಿನ ಮೇಲಿನ ಹೊದಿಕೆಯೇ ಹೋಗುತ್ತದೆ.

ಬಸಿಗಾಲುವೆಯ ಹೂಳನ್ನು ಪ್ರತಿವರ್ಷ ತೆಗೆಸಿ. ಎಲ್ಲಿ ನೀರು ನಿಲ್ಲುತ್ತದೆ, ಯಾವ ಕಾಲುವೆ ಮೊದಲು ಕಟ್ಟಿಕೊಳ್ಳುತ್ತದೆ ಎನ್ನುವುದನ್ನು ಮಾವನವರನ್ನೇ ಕೇಳಿ. ಆ ತೋಟದ ನೀರಿನ ದಾರಿ ಅವರಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.